ಬಾಲ ಮುಂದಿದ್ದ ಶರ್ಯತ್ತಿನ ವಿಮಾನ

ಚಿಕ್ಕೋಡಿಯಾಗ ಕಬ್ಬಿನ ಟ್ರೇಲರ್ ಕಟ್ಟಾವ ವಿಮಾನ ಕಟ್ಟಾಕ ಕುಂತ ಅಂದ್ರ, ನಗೂ ಪ್ರಸಂಗ ಹುಡುಕ್ಕೋತ ಹೋಗೂದು ಬೇಕಾಗಿಲ್ಲ ನೋಡ್ರಿ. ಅವಽ ಬಾಗಲದಾಗ ಚಪ್ಲಿ ಬಿಟ್ಟು ಒಳಗ ಬರ್ತಾವ, ಚಾ ಕುಡದು ಹೋಗ್ತಾವ.

ನಿಪ್ಪಾಣಿ ರೋಡಿಗೆ ನಮ್ಮದೊಂದು ಪತ್ರಾಸಿನ ಶೆಡ್ ಐತಿ. ಅಣ್ಣಂದೂ ನಂದೂ ಸರಿಪಾಲು. ಅವ ಅಳತಿ ಹಾಕಿ ಕೊಯ್ತಾನ, ನಾ ವೆಲ್ಡಿಂಗ್ ಮಾಡಿ ಕೂಡಸ್ತೀನಿ. ಒಂದಿನ ಮಧ್ಯಾಹ್ನ ರೊಟ್ಟಿ ಉಂಡು ಮೊಬೈಲ್ ನೋಡಾಕತ್ತಿದ್ನಿ. ಯಾವುದೋ ದೂರದ ದೇಶ. ಮಂದಿ ತಮ್ಮ ಹಿತ್ತಲದಾಗ ತಾವಽ ಸಣ್ಣ ಸಣ್ಣ ವಿಮಾನ ಕಟ್ಟಿ, ಬಯಲಾಗ ಕಂಬ ನೆಟ್ಟು, ಯಾರದು ಜೋರ ಓಡತೈತಿ ಅಂತ ಕಂಬದ ಸುತ್ತ ಶರ್ಯತ್ತು ಹಚ್ಚಿದ್ರು. ಗಿಡದ ಎತ್ತರದಾಗ ಸುಂಯ್ ಅಂತ ತಿರಗತಿದ್ವು. ಅವತ್ತಿಂದ ನನ್ನ ಕಾಲು ನೆಲಕ್ಕ ಹತ್ತಲಿಲ್ಲ. ವೆಲ್ಡಿಂಗ್ ಕನ್ನಡಕ ಹಾಕ್ಕೊಂಡ್ರ ಸಾಕು, ಆ ಕತ್ತಲದಾಗ ಕೃಷ್ಣಾ ಹೊಳಿ ಕಾಣತಿತ್ತು, ಮ್ಯಾಲಿಂದ. ಕಬ್ಬಿನ ತುರಾಯಿ ಮ್ಯಾಲೆ ನನ್ನ ನೆರಳು ಓಡತಿತ್ತು. ಸಕ್ಕರಿ ಕಾರ್ಖಾನಿ ಚಿಮಣಿಗೆ ಒಂದು ಸುತ್ತ ಹೊಡದು ಅಥಣಿ ಕಡೆ ಹೊಳ್ಳತಿದ್ನಿ. ನಿಪ್ಪಾಣಿ ಮ್ಯಾಲೆ ಬಂದ್ರ ತಂಬಾಕದ ಘಾಟಿಗೆ ಶೀನು ಬರತಿತ್ತು. ಶೀನಿದ ಕೂಡಲೇ ಎಚ್ಚರ ಆಗತಿತ್ತು.

ನಾನೂ ಒಂದು ಕಟ್ಟಾಕ ಕುಂತ್ನಿ, ಕಟ್ಟಕೋತ ವರ್ಷಗಟ್ಟಲೆ ಆತು. ಅಣ್ಣಗ ಇದು ಸೇರಲಿಲ್ಲ. ವಿಮಾನ ಅರ್ಧಾ ಶೆಡ್ ನುಂಗಿತ್ತು. "ಈ ಸಲ ಕಾರ್ಖಾನಿ ಚಾಲೂ ಆಗೂದ್ರಾಗ ಅದು ನೆಲಾ ಬಿಟ್ಟು ಏಳಬೇಕು. ಏಳಲಿಲ್ಲ ಅಂದ್ರ ಗ್ಯಾಸ್ ಕಟರ್ ಹಿಡದು ಕೊಯ್ದು ಟ್ರೇಲರಿಗೆ ಹಚ್ತೀನಿ," ಅಂದ. ನಮ್ಮಣ್ಣ ಚ್ಯಾಷ್ಟಿಗೆ ಮಾತಾಡೂ ಮನಷ್ಯಾ ಅಲ್ಲ.

೧. ತಲಿ ಎಲ್ಲೈತಿ?

ಮೊದಲು ಮೊದಲು ನಾ ಶೆಡ್ಡಿನ ನೆಲದ ಮ್ಯಾಲೆ ಸೀಮಿಸುಣ್ಣದ ಖಡುವಿಲೆ ಪೂರಾ ವಿಮಾನದ ಚಿತ್ರ ತಗದಿದ್ನಿ. ಸಣ್ಣ ರೆಕ್ಕಿ ಮುಂದ, ದೊಡ್ಡ ರೆಕ್ಕಿ ಹಿಂದ, ಪಂಖಾ ಎಲ್ಲಾಕ್ಕಿಂತ ಹಿಂದ. ಸಾದಾ ವಿಮಾನಕ್ಕ ಬಾಲದಾಗಿನ ರೆಕ್ಕಿ ಹಿಂದ ಇರತೈತಿ, ಕೆಳಗ ಒತ್ತತೈತಿ. ಅದನ್ನ ಮುಂದ ತಂದ್ರ ಅದೂ ಭಾರ ಎತ್ತತೈತಿ, ವಿಮಾನ ಹಗರ ಆಗಿ ಜೋರ ಓಡತೈತಿ. ಇದು ನನ್ನ ಲೆಕ್ಕ. ಇಂಥಾವು ಹೊರದೇಶದಾಗ ಹಾರ್ಯಾವ, ಅಲ್ಲೂ ಮೊದಲು ಮಂದಿ ನಕ್ಕಾರ.

ಟ್ರೇಲರಿನ ಹುಕ್ಕು ವೆಲ್ಡಿಂಗ್ ಮಾಡಸಾಕ ಅಲಖನೂರದಿಂದ ಒಬ್ಬ ರೈತ ಬಂದಿದ್ದ. ಚಿತ್ರ ನೋಡಿದ. ತಲಿ ಈ ಕಡೆ ಓರಿ ಮಾಡಿದ, ಆ ಕಡೆ ಓರಿ ಮಾಡಿದ. ಆ ತುದಿಗೆ ಹೋಗಿ ಅಲ್ಲಿಂದ ನೋಡಿದ. ಆಮ್ಯಾಲೆ ನನ್ನ ಮಾನ ಉಳಸಾಕ ಅಂತ ಕಿವಿ ಹತ್ರ ಬಂದು, "ಮಿಸ್ತ್ರಿ, ಬಾಗಲದ ಕಡೆ ಬೆನ್ನ ಮಾಡಿ ಕುಂತು ಬರದೀರಿ ಕಾಣಸ್ತೈತಿ. ಅಳಿಸಿಬಿಡ್ರಿ, ನಾ ಯಾರಿಗೂ ಹೇಳೂದಿಲ್ಲ," ಅಂದ.

ಅಷ್ಟೊತ್ತಿಗೆ ಅಣ್ಣ ಬಂದ.

"ಏನಿದು?"

"ವಿಮಾನ."

"ಬಾಲ ಎಲ್ಲೈತಿ?"

"ಮುಂದ."

"ನಿನ್ನ ತಲಿ ಎಲ್ಲೈತಿ?"

೨. ಒಂಟೀದು ಓಡೂದಿಲ್ಲ

ನಮ್ಮ ಕಡೆ ಶರ್ಯತ್ತು ಅಂದ್ರ ಎತ್ತಿನ ಗಾಡಿ ಶರ್ಯತ್ತು. ಪಾಲಬಾವಿಯಾಗ ನಮ್ಮಾಕಿಯ ಸೋದರಮಾವ ಒಬ್ಬ ಅದಾನ, ಶರ್ಯತ್ತಿನ ಎತ್ತು ಸಾಕೂದಽ ಅವನ ಜೀವಾ. ನಾನೂ ಮಾವಾ ಅಂತೀನಿ. ಶರ್ಯತ್ತಿನ ವಿಮಾನ ಅಂದದ್ದಽ ತಡ, ಮರದಿನಽ ಪಟಗಾ ಸುತ್ತಿಕೊಂಡು ಬಂದಬಿಟ್ಟ.

ನಗಲಿಲ್ಲರಿ ಅಂವಾ! ಅದಽ ನನಗ ಭಾಳ ಸೇರ್ತು. ಸುತ್ತ ಒಂದು ಸಲ ಅಡ್ಡಾಡಿದ. ರೆಕ್ಕಿ ಮ್ಯಾಲೆ ಅಂಗೈ ಸವರಿದ, ಎತ್ತಿನ ಬೆನ್ನ ಸವರಿದಂಗ. ಪೈಪಿನ ಮ್ಯಾಲೆ ಬರೇ ಬಟ್ಟಿ ಬಿಗದಿದ್ನಿ, ಬಣ್ಣಾ ಹೊಡದಿರಲಿಲ್ಲ. "ಚಮಡಿ ತೆಳ್ಳಗೈತಿ, ಛಲೋ ತಳಿ," ಅಂದ. ಗಾಲಿ ಹತ್ರ ಕುಂತು ಕಾಲು ನೋಡಿದ. "ಕಾಲು ಸಣ್ಣ ಅದಾವ. ಓಡೂ ಕಾಲು." ಮುಂದಿನ ಸಣ್ಣ ರೆಕ್ಕಿ ನೋಡಿ, "ಕೋಡು ಸರಿಯಾಗಿ ಮುಂದಽ ಇಟ್ಟೀದಿ. ಮಂದಿಗೇನು ತಿಳೀತೈತಿ," ಅಂದ. ನನ್ನ ಕಣ್ಣಾಗ ನೀರು ಬಂತು ನೋಡ್ರಿ. ಇಷ್ಟು ದಿನದಾಗ ನನ್ನ ವಿಮಾನದ ಮುಂಭಾಗಕ್ಕ ಹೌದು ಅಂದಾವ ಇವನಽ ಮೊದಲಿಗ.

ಚಾ ಕುಡದ, ಪಟಗಾ ಸರಿ ಮಾಡ್ಕೊಂಡ. ಬಾಗಲದಾಗ ನಿಂತು ಒಮ್ಮೆ ಹೊಳ್ಳಿ ನೋಡಿದ. ಅವನ ಮಾರಿ ಸಣ್ಣದಾತು.

"ಅಳಿಯಾ, ಎಲ್ಲಾ ಛಲೋ ಐತಿ. ಆದ್ರ ಇನ್ನೊಂದು ಎಲ್ಲಿ?"

"ಇನ್ನೊಂದು ಯಾಕ ಮಾವಾ?"

"ಯಾಕ ಅಂದ್ರ? ಒಂಟೀದು ಓಡೂದಿಲ್ಲಪಾ. ಇನ್ನೊಂದು ಕಟ್ಟು, ಜೋಡಿ ಆಗ್ಲಿ. ನೊಗಾ ನಾ ತರ್ತೀನಿ."

೩. ಮಾರಿ ಯಾವ ಕಡೆ

ದಸರಿ ಖಂಡೆ ಪೂಜಾಕ್ಕ ಶೆಡ್ ಎಲ್ಲಾ ತೊಳದು ಮಾವಿನ ತೋರಣಾ ಕಟ್ಟಿದ್ವಿ. ವೆಲ್ಡಿಂಗ್ ಮಷಿನ್ನಿಗೆ, ಡ್ರಿಲ್ಲಿಗೆ, ಸುತ್ತಿಗಿಗೆ ಎಲ್ಲಾದಕ್ಕೂ ಕುಂಕುಮ ಆತು. ಆಮ್ಯಾಲೆ ಅಣ್ಣನ ಹೆಂಡತಿ ವೈನಿ ಆರತಿ ತಟ್ಟಿ ಹಿಡ್ಕೊಂಡು ವಿಮಾನದ ಕಡೆ ಹೋದ್ರು. ನಮ್ಮ ವೈನಿ ಬಲೇ ಭಕ್ತಿ ಮನಷ್ಯಾಳು. ಸೀದಾ ಹೋಗಿ ಪಂಖಾದ ಎದುರು ನಿಂತು, ಪಂಖಾಕ್ಕ ಚೆಂಡಹೂವಿನ ಮಾಲಿ ಹಾಕಿ, ಕಣ್ಣ ಮುಚ್ಚಿ ಬೆಳಗಾಕತ್ರು.

ನನಗ ತಡಕೊಳಾಕ ಆಗಲಿಲ್ಲ. "ವೈನಿ, ಅದು ಕುಂಡಿ!"

ವೈನಿ ಗಾಬರಿ ಆಗಿ ಹಿಂದ ಸರದ್ರು. "ಅಯ್ಯ ಶಿವನ! ಪಂಖಾ ಇದ್ದ ಕಡೆ ಮಾರಿ ಅಲ್ಲೇನ್ರಿ?"

ನಮ್ಮಾಕಿ ಓಡಿ ಬಂದು ನಿಂಬಿಹಣ್ಣು ಮುಂದಿನ ಗಾಲಿ ಕೆಳಗ ಇಟ್ಲು. "ಇಲ್ಲ ಅಕ್ಕಾ, ಇದು ಮಾರಿ."

"ಆ ಸಣ್ಣದಾ? ಅದು ಬಾಲ ಇದ್ದಂಗ ಐತೆಲ್ಲಾ!"

ಇಬ್ಬರೂ ವಾದಕ್ಕ ಬಿದ್ರು. ದೀಪ ಆರಾಕ ಬಂದಿತ್ತು, ತೆಂಗಿನಕಾಯಿ ಯಾವ ಕಡೆ ಒಡೀಬೇಕು ತಿಳೀಲಾರದ ನಾ ಕಾಯಿ ಹಿಡ್ಕೊಂಡು ಆ ತುದಿಯಿಂದ ಈ ತುದಿಗೆ ಅಡ್ಡಾಡಾಕತ್ತಿದ್ನಿ. ಅಣ್ಣ ಮೂಲ್ಯಾಗ ಸ್ಟೂಲಿನ ಮ್ಯಾಲೆ ಕುಂತಾವ ಪೇಪರ್ ಕೆಳಗಿಳಸಲಾರದಽ ಹೇಳಿದ:

"ಎರಡೂ ಕಡೆ ಬೆಳಗ್ರಿ. ಅದು ಯಾವ ಕಡೆಗೂ ಹೋಗೂದಿಲ್ಲ."

೪. ಕಾಕಾನ ಕರಾರು

ಓಡಸಾಕ ಬಯಲು ಬೇಕಿತ್ತು. ಕಾಗವಾಡ ಕಡೆ ನಮ್ಮ ಹಳೇ ಗಿರಾಕಿ ಒಬ್ರು ಜೈನ ಕಾಕಾ ಅದಾರ. ನೀರು ಹೆಚ್ಚಾಗಿ ಅವರದೊಂದು ಹೊಲ ಸವಳಾಗೇತಿ. ಉದ್ದಕ, ಸಪಾಟ, ಬೆಳ್ಳಗ. ಬೆಳದಿಂಗಳು ಬಿದ್ದು ಹಗಲಾದ್ರೂ ಏಳಲಾರದ ಅಲ್ಲೇ ಮಲಗೇತಿ ಅನಸ್ತೈತಿ. ಹುಲ್ಲಿನ ಕಡ್ಡಿ ಸುದ್ದಾ ಬೆಳೀದಿಲ್ಲ. ಆ ಹೊಲದ ದಂಡಿಗೆ ನಾ ಬಾಯಿ ತಕ್ಕೊಂಡು ನೋಡಕೋತ ನಿಂತ್ನಿ.

"ತಗೋಪಾ, ಓಡಸು," ಅಂದ್ರು ಕಾಕಾ. "ಆದ್ರ ಒಂದು ಕರಾರು. ಹೊತ್ತು ಮುಳಗಿದ ಮ್ಯಾಲೆ ಪಂಖಾ ತಿರಗಬಾರದು. ಹುಳಾ ಹುಪ್ಪಡಿ ಬರ್ತಾವ, ಪಾಪ ಹತ್ತತೈತಿ."

"ಆತ್ರಿ ಕಾಕಾ, ಮುಂಜಾನೆ ಬಿಸಲಿಗಷ್ಟಽ ಓಡಸ್ತೀನಿ."

ಅವರು ಹೌದಂದ್ರು. ಅಷ್ಟರಾಗ ಹೊಳಿ ಕಡೆಯಿಂದ ಬೆಳ್ಳಕ್ಕಿ ಹಿಂಡು ಬಂದು ನಮ್ಮ ತಲಿ ಮ್ಯಾಲೆ ಹಾದು ಹೋತು. ಇಬ್ಬರೂ ಮ್ಯಾಲೆ ನೋಡಿದ್ವಿ. ನನಗಽ ಚಿಂತಿ ಆತು. "ಕಾಕಾ, ಹಕ್ಕಿಗೋಳು..?"

"ಹಕ್ಕೀದು ಚಿಂತಿ ಇಲ್ಲಪಾ," ಅಂದ್ರು ಕಾಕಾ, ಭಾಳ ಸಮಾಧಾನದಿಂದ. "ಅದು ಹಾರೂದಿಲ್ಲಂತ ನಿಮ್ಮಣ್ಣ ಫೋನಿನ್ಯಾಗ ಹೇಳ್ಯಾನ."

೫. ಖಾತ್ರಿ

ಕಾರ್ಖಾನಿ ಚಾಲೂ ಆಗೂ ಹಿಂದಿನ ದಿನ. ವಿಮಾನ ಟ್ರೇಲರಿನ ಮ್ಯಾಲೆ ಹೇರ್ಕೊಂಡು ಸವಳ ಹೊಲಕ್ಕ ಹೋದ್ವಿ. ಮ್ಯಾಲೆ ಆಕಾಶದಾಗ ಹಾರಸಾಕ ಸರಕಾರದ ಪರವಾನಗಿ ಬೇಕು, ಅದು ಇನ್ನೂ ಬಂದಿಲ್ಲ. ಅದಕ್ಕ ಅವತ್ತು ನೆಲದ ಮ್ಯಾಲೆ ಓಡಿಸಿ ಗಾಲಿ ಒಂದು ಗೇಣು ಎದ್ದಾವೇನು ನೋಡೂದು, ಅಷ್ಟಽ. ಒಂದು ಗೇಣು ಎದ್ರ ವಿಮಾನ ಉಳೀತೈತಿ. ಏಳಲಿಲ್ಲ ಅಂದ್ರ ನಾಳಿಂದ ಅದು ಟ್ರೇಲರಿನ ಬಾಜೂಕ ಹಚ್ಚೂ ಕಟಾಂಜನ. ಮುಂಜಾನೆ ಗಾಳಿ ತಣ್ಣಗಿತ್ತು. ಬಿಸಲು ಇನ್ನೂ ಎಳೀದು. ನಾ ದೇವರಿಗೆ ಕೈಮುಗದು ಸೀಟಿನ್ಯಾಗ ಕಾಲಿಟ್ನಿ.

ಟೊಂಕದ ತನಕ ಇಳದ್ನಿ. ಮುಂದ ಇಳೀವಲ್ನಿ!

ಆಗಿದ್ದೇನು ಅಂದ್ರ, ಕಟ್ಟೂ ಮುಂದ ನಾ ನೆಲದ ಮ್ಯಾಲೆ ಅಂಗಾತ ಮಲಗಿದ್ನಿ, ನಮ್ಮಾಕಿ ನನ್ನ ಸುತ್ತ ಖಡುವಿಲೆ ಗೀಟು ಎಳದಿದ್ಲು. ಆ ಗೀಟಿಗೆ ಸರಿಯಾಗಿ ಸೀಟು. ಶರ್ಯತ್ತಿನ ವಿಮಾನ, ಒಂದು ಬೆರಳಿನಷ್ಟೂ ಹೆಚ್ಚಿಗಿ ಜಾಗಾ ಇಲ್ಲ. ಆದ್ರ ಕಟ್ಟಾಕ ವರ್ಷಾನಗಟ್ಟಲೆ ಹಿಡೀತು. ನೋಡಾಕ ಬಂದಾವ್ರೆಲ್ಲಾ ಚಾ ಜೋಡಿ ಮಿರ್ಚಿ ಭಜಿ ತರಸ್ತಿದ್ರು, ಇಲ್ಲ ಅನ್ನೂದು ನನಗ ಬರೂದಿಲ್ಲ.

"ನೀ ಗೀಟು ಸಣ್ಣದು ಎಳದೀದಿ," ಅಂತ ನಮ್ಮಾಕಿ ಮ್ಯಾಲೆ ಸಿಟ್ಟಿಗೆದ್ನಿ.

"ಗೀಟು ಇದ್ದಷ್ಟಽ ಐತ್ರಿ," ಅಂದ್ಲು ಆಕಿ.

ಕಾಕಾ ಒಂದು ಕೈ, ನಮ್ಮಾಕಿ ಒಂದು ಕೈ ಹಿಡದು ಜಗ್ಗಿ ನನ್ನ ಹೊರಗ ತಗದ್ರು. ನಾ ಅಲ್ಲೇ ಸವಳಿನ ಮ್ಯಾಲೆ ಕುಂತಬಿಟ್ನಿ. ಇಷ್ಟು ವರ್ಷದ ಕನಸು, ನನ್ನ ಹೊಟ್ಟಿ ಅಡ್ಡ ಬಂದು ನಿಂತಿತ್ತು. ಅಳು ಬಂತು, ಖರೇನ ಅತ್ನಿ.

ಅಣ್ಣ ಟ್ರ್ಯಾಕ್ಟರಿಗೆ ಬೆನ್ನ ಹಚ್ಚಿ ನಿಂತಿದ್ದ. ಅವ ಮೊದಲಿಂದನೂ ಕಡ್ಡಿ. ನನ್ನ ಅಳು ನೋಡಿದ, ಟೊಪಿಗಿ ತಗದು ವೈನಿ ಕೈಯಾಗ ಕೊಟ್ಟ, ಬಂದ.

"ಸರಿ ಆ ಕಡೆ. ನಾ ಕುಂದರ್ತೀನಿ."

"ಅಣ್ಣಾ, ನೀ ಯಾಕೋ?"

"ನೀ ಕುಂತು ಅದು ಏಳಲಿಲ್ಲ ಅಂದ್ರ, ಗಾಳಿ ಸರಿ ಇರಲಿಲ್ಲ, ಪೆಟ್ರೋಲ್ ಸರಿ ಇರಲಿಲ್ಲ ಅಂತ ನೆವಾ ಹೇಳ್ತಿ. ನಾನಽ ಕುಂತು ತೋರಸ್ತೀನಿ, ಇದು ಹಾರೂದಿಲ್ಲಂತ."

ವೈನಿ ಬ್ಯಾಡ ಅಂದ್ರು, ಕೇಳಲಿಲ್ಲ. ಸೀಟು ಅವಗ ಅಳತಿ ತಗದು ಹೊಲಿಸಿದಂಗ ಕುಂತಿತು. ನಾ ಹೇಳಿದ್ನಿ: ಸೀದಾ ಓಡಸು, ಈ ಕೋಲು ಹಗರ ಹಿಂದಕ ಜಗ್ಗು, ಎದ್ರ ರೇಸ್ ಕಡಿಮಿ ಮಾಡು. "ಗೊತ್ತೈತಿ, ಸುಮ್ನಿರು," ಅಂದ. ಇಂಜಿನ್ ಗುಡುಗಿತು. ಬೆಳ್ಳನ್ನ ಧೂಳ ಎದ್ದು ಬಿಸಲಾಗ ಮಿಂಚಿತು. ವಿಮಾನ ಓಡಾಕತ್ತು, ಸಣ್ಣದಾಗಾಕತ್ತು. ಆಮ್ಯಾಲೆ ಶಪ್ಪಳ ಬದಲಾತು. ಗಾಲಿಯ ದಡದಡ ನಿಂತು ಬರೇ ಒಂದು ಗುಂಯ್ ಉಳೀತು. ಗಾಲಿ ಕೆಳಗ ಬೆಳಕು! ನಾ ಬಗ್ಗಿ ನೋಡಿದ್ನಿ, ಗಾಲಿ ಕೆಳಗ ಆ ಕಡೆಯ ಕಬ್ಬು ಕಾಣತಿತ್ತು. ನಾ ನಿದ್ದಿಗಣ್ಣಾಗ ಎಷ್ಟು ಸಲ ನೋಡಿದ್ದು, ಹಂಗಽ ಇತ್ತು, ಅಷ್ಟಽ ಸಾವಕಾಶ. ಕಾಕಾ ಎರಡೂ ಕೈ ಮುಗದ್ರು. ಮುಂದ ವಿಮಾನ ಮೆತ್ತಗ ಕೆಳಗ ಕುಂತು, ಹೊಲದ ತುದಿಗೆ ಹೋಗಿ ನಿಂತಿತು.

ನಾ ಏದುಸಿರು ಬಿಟ್ಕೋತ ಓಡಿದ್ನಿ. ಅಣ್ಣ ಕೋಲು ಗಟ್ಟಿ ಹಿಡ್ಕೊಂಡು ಕುಂತಿದ್ದ. ಮೀಸಿ ತುಂಬ ಸವಳು.

"ಅಣ್ಣಾ, ಎದ್ದಿತ್ತೋ! ನೋಡಿದ್ಯೋ ಇಲ್ಲೋ?"

"ನಾ ಮುಂದ ನೋಡಾಕತ್ತಿದ್ನಿ. ಕೆಳಗಿನ ಗಾಲಿ ನನಗ ಹೆಂಗ ಕಾಣತೈತಿ?"

"ನಾವೆಲ್ಲಾ ನೋಡೀವಲ್ಲೋ!"

"ಮಂದಿ ಏನರ ಹೇಳ್ತಾರ. ಹೊಳ್ಳಸು. ಇನ್ನೊಮ್ಮೆ ನೋಡೂನು."

ಹೊಳ್ಳಿಸಿದ್ವಿ. ಮತ್ತ ಎದ್ದಿತು. ಆ ತುದಿಗೆ ಹೋಗಿ, "ಗಾಳಿ ಎತ್ತಿರಬೇಕು, ಇನ್ನೊಮ್ಮೆ," ಅಂದ. ಮತ್ತ ಎದ್ದಿತು. "ಹೊಲದಾಗ ಉಬ್ಬು ಇರಬೇಕು, ಇನ್ನೊಮ್ಮೆ." ವೈನಿ ಊಟಕ್ಕ ಕರದ್ರು, ಇಳೀಲಿಲ್ಲ. ಸೀಟಿನ್ಯಾಗಽ ಕುಂತು ರೊಟ್ಟಿ ಉಂಡ. ಪೆಟ್ರೋಲ್ ತೀರಿದ ಮ್ಯಾಲೆ ಇಳದ, ನನ್ನ ಕಡೆ ನೋಡಲಿಲ್ಲ.

ಈಗ ಕಾರ್ಖಾನಿ ಚಾಲೂ ಆಗಿ ಎಷ್ಟೋ ದಿನ ಆತು. ಗಿರಾಕಿಗಳ ಟ್ರೇಲರ್ ಎಲ್ಲಾ ಶೆಡ್ಡಿನ ಹೊರಗ ಬಿಸಲಾಗ ನಿಂತಾವ. ನಾ ಇನ್ನೂ ಒಮ್ಮೆನೂ ಆ ಸೀಟಿನ್ಯಾಗ ಕುಂತಿಲ್ಲ, ಭಜಿ ಬಿಟ್ಟೀನಿ. ಮೊನ್ನೆ ಒಬ್ಬ ಗಿರಾಕಿ ಸಿಟ್ಟಿಗೆದ್ದು ಅಣ್ಣನ್ನ ಕೇಳಿದ: "ಏನ್ರಿ, ಆ ಇಮಾನ ಕೊಯ್ತೀನಿ ಅಂದಿದ್ರೆಲ್ಲಾ, ಯಾವಾಗ ಕೊಯ್ತೀರಿ?"

"ಹಾರೂದಿಲ್ಲಂತ ಖಾತ್ರಿ ಆಗಲಾರದ ಹೆಂಗ ಕೊಯ್ಲಿಪಾ?" ಅಂದ ಅಣ್ಣ. "ರವಿವಾರಕ್ಕೊಮ್ಮೆ ಹೋಗಿ ನೋಡಿ ಬರಾಕತ್ತೇನಿ."