ಹೊಸ ಮನೆಗೆ ನಾನು ತಂದ ಉಡ

ಒಡಪು ಹೇಳುವುದರಲ್ಲಿ ಇಡೀ ರೋಣದಲ್ಲಿ ನನಗೆ ಸರಿಸಮಾನರಿಲ್ಲ ಎಂದು ನಂಬಿದ್ದೆ. ಶುಭಕಾರ್ಯದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳ್ರಿ" ಅಂದರೆ ಉಳಿದ ಗಂಡಸರು ಬೆವರುತ್ತಾರೆ. ನಾನು ಮಾತ್ರ ಹೆಂಡತಿಯ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಒಗೆದು, ಎದೆಯುಬ್ಬಿಸಿ ಒಳಗೆ ನಡೆಯುತ್ತಿದ್ದೆ.

ಗಜೇಂದ್ರಗಡದಲ್ಲಿ ಹೆಂಡತಿ ಗಿರಿಜಾಳ ತಮ್ಮ ಮಲ್ಲು ಮನೆ ಕಟ್ಟಿಸಿದ್ದ. ಬಾಡಿಗೆ ಮನೆಗಳಲ್ಲೇ ವಯಸ್ಸು ಕಳೆದ ನನ್ನ ಅತ್ತೆಗೆ ಸ್ವಂತ ಮನೆಯಲ್ಲಿ ಹಾಲು ಉಕ್ಕಿಸಬೇಕೆಂಬುದೊಂದೇ ಆಸೆ. ವಾಸ್ತುಶಾಂತಿಯ ದಿನ ಹೊಸ್ತಿಲಲ್ಲಿ ಹೆಂಗಸರು ನನ್ನನ್ನು ತಡೆದರು. ಹೆಂಡತಿಯ ಜೊತೆಗೆ ಮಲ್ಲುವನ್ನೂ ಹೊಗಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ.

"ಗಿಡದಾಗ ಚುರುಕ ಇಣಚಿ, ನಮ್ಮ ಗಿರಿಜಾನ ಹಂಗ;
ಹೊಸ ಮನಿ ಹೊಕ್ಕಾನ ಮಲ್ಲು, ಗುಡ್ಡದ ಉಡದ ಹಂಗ!"

ಇಣಚಿ, ಅಂದರೆ ಅಳಿಲು, ಗಿರಿಜಾಳ ಚುರುಕಿಗೆ. ಉಡ, ಹಿಡಿದ ಪಟ್ಟು ಬಿಡದ ಮಲ್ಲುವಿಗೆ. ಹೋಲಿಕೆಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಉಡ ಹೊಕ್ಕ ಮನೆಗೆ ಕೇಡು, ಆ ಮನೆಯನ್ನೇ ಬಿಡಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ಅದು ನನಗೂ ಗೊತ್ತಿತ್ತು. ಪ್ರಾಸ ಕೂಡಿದ ಖುಷಿಯಲ್ಲಿ ಮರೆತಿದ್ದೆ.

ಅತ್ತೆ ಹಾಲಿನ ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತುಬಿಟ್ಟರು.

"ಅತ್ತೀ, ಉಡ ಅಂದ್ರ ಏನ್ರಿ, ಮನ್ಯಾಗಿನ ಹಲ್ಲಿ ಇದ್ದಂಗ. ಸ್ವಲ್ಪ ದೊಡ್ಡದು, ಅಷ್ಟ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಇನ್ನಷ್ಟು ಗಾಬರಿಯಾಯಿತು.

"ಹಂಗಾರ ಇಣಚಿ ಒಳಗ ಹೋಗ್ಲಿ, ಉಡ ಹೊರಗ ನಿಂದರ್ಲಿ" ಎಂದು ಮನೆಯ ಯಜಮಾನನನ್ನೇ ಅಂಗಳಕ್ಕೆ ಎಳೆದೆ.

"ಇನ್ನರ ಬಾಯಿ ಮುಚ್ಚತೀರೇನ್ರಿ?" ಗಿರಿಜಾ ಹಲ್ಲು ಕಡಿದಳು.

ಪೂಜೆಗೆ ಬಂದಿದ್ದ ಅಯ್ಯನವರು ತೀರ್ಪು ಕೊಟ್ಟರು: "ಶಾಂತಿ ಮತ್ತೊಮ್ಮಿ ಮಾಡೂಣು. ಉಡ ತಂದವರು ಮಾತ್ರ ಒಳಗ ಬರದ ಹಿತ್ತಲದಾಗ ನಿಂದರಬೇಕ್ರಿ."

ಮಲ್ಲುವೇ ಕೈ ಹಿಡಿದು ಹಿತ್ತಲಿಗೆ ಬಿಟ್ಟ. "ಸಿಟ್ಟಾಗಬ್ಯಾಡ್ರಿ ಮಾಮಾ, ಅವ್ವನ ಸಲುವಾಗಿ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಎಷ್ಟೋ ವರ್ಷ ಕಾದ ದಿನವನ್ನು ಎರಡು ಸಾಲಿಗಾಗಿ ಕೆಡಿಸಿದೆನಲ್ಲ ಎಂದು ಸಂಕಟವಾಯಿತು.

ಕಿಟಕಿಯಲ್ಲಿ ಇಣುಕಿದೆ. ಹಾಲು ಉಕ್ಕಿತು, ಅತ್ತೆಯ ಮುಖ ಅರಳಲಿಲ್ಲ. ಉಡ ಹೊಕ್ಕಿದೆಯೇನೋ ಎಂದು ಮೂಲೆ ಮೂಲೆ ನೋಡುತ್ತಿದ್ದರು. ವಾತಾವರಣ ತಿಳಿಯಾಗಲೆಂದು ಹೆಂಗಸರು ಗಿರಿಜಾಳಿಗೆ ಗಂಡನ ಹೆಸರು ಹೇಳು ಎಂದರು.

"ಅವರನ್ನ ಯಾವುದಕ್ಕ ಹೋಲಿಸಲಿ?" ಎಂದಳು ಅವಳು. "ಇಂಥಾ ಕೆಲಸ ಯಾವ ಪ್ರಾಣಿನೂ ಮಾಡಂಗಿಲ್ಲ."

ಎಲ್ಲರೂ ನಕ್ಕರು. ಅಂದು ಮೊದಲ ಸಲ ಅತ್ತೆಯೂ ನಕ್ಕರು. ಎದೆ ಹಗುರಾಗಿ, ಕಿಟಕಿಯ ಸರಳು ಹಿಡಿದು, ಕತ್ತು ಉದ್ದ ಮಾಡಿ ನಾನೂ ನಕ್ಕೆ.

ಅತ್ತೆ ನನ್ನನ್ನು ನೋಡಿದರು. ಎದ್ದು ಬಂದು ಕಿಟಕಿ ಮುಚ್ಚಿದರು.