ಸೇವಂತಿಗೆ ಇಟ್ಟ ಡಬ್ಬಿ

೨೦೦೭, ಫೆಬ್ರವರಿಯ ಒಂದು ಶನಿವಾರ, ಬೆಳಿಗ್ಗೆ ೧೦ ಗಂಟೆ ೩೧ ನಿಮಿಷ. ರಾಹುಕಾಲ ಮುಗಿದು ಸರಿಯಾಗಿ ಒಂದು ನಿಮಿಷವಾಗಿತ್ತು.

ಜಯನಗರದ ನಮ್ಮ ಆಫೀಸು ವಧೂವರರ ವೆಬ್‌ಸೈಟ್ ನಡೆಸುತ್ತದೆ. ಅದರ ಲೋಡ್ ಬ್ಯಾಲೆನ್ಸರಿಗೆ ಹೊಸ ಸಾಫ್ಟ್‌ವೇರ್ ಹಾಕುವ ಜವಾಬ್ದಾರಿ ನನ್ನ ಹೆಗಲೇರಿತ್ತು. ಲೋಡ್ ಬ್ಯಾಲೆನ್ಸರ್ ಅಂದರೆ, ಮದುವೆ ಊಟದಲ್ಲಿ "ಈ ಪಂಕ್ತಿಯಲ್ಲಿ ಎಲೆ ಖಾಲಿ ಇದೆ, ಬನ್ನಿ" ಎಂದು ಜನರನ್ನು ಹಂಚಿ ಕೂರಿಸುವ ಚಿಕ್ಕಪ್ಪನಂಥ ಡಬ್ಬಿ. ನಮ್ಮಲ್ಲಿ ಇಂಥ ಚಿಕ್ಕಪ್ಪಂದಿರು ಇಬ್ಬರು. ಒಬ್ಬರು ದುಡಿಯುತ್ತಾರೆ. ಅವರಿಗೆ ತಲೆಸುತ್ತು ಬಂದರೆ ಇರಲಿ ಎಂದು ಇನ್ನೊಬ್ಬರು ಸುಮ್ಮನೆ ಕೂತಿರುತ್ತಾರೆ.

"ಸೈಟ್ ಒಂದು ನಿಮಿಷನೂ ನಿಲ್ಲಬಾರದು," ಅಂದಿದ್ದರು ಮ್ಯಾನೇಜರ್ ನಾಗರಾಜ್. "ನಿಲ್ಲದಿದ್ರೆ ಸೋಮವಾರ ನಿಮ್ಮ ಕೆಲಸ ಕಾಯಂ. ಪತ್ರಕ್ಕೆ ಸೈನ್ ಹಾಕ್ತೀನಿ."

ನಾನು ನಿಶ್ಚಿಂತ. ಡೈರಿಯಲ್ಲಿ ಮೂವತ್ತೊಂದು ಹಂತಗಳ ಪಟ್ಟಿಯಿತ್ತು. ಎರಡನೇ ಹಂತವೇ 'ನೀರು ಕುಡಿಯುವುದು'. ಮೂರನೆಯದು, 'ಸುಮ್ಮನಿರುವ ಡಬ್ಬಿಗೆ ಮೊದಲು ಹಾಕುವುದು'. ಯಾವುದು ಸುಮ್ಮನಿದೆ ಎಂದು ಪರೀಕ್ಷಿಸುವ ಹಂತ ಮಾತ್ರ ಇರಲಿಲ್ಲ. ಕಣ್ಣಿಗೇ ಕಾಣುತ್ತಿತ್ತಲ್ಲ! ರಿಸೆಪ್ಷನ್ನಿನ ಕಮಲಕ್ಕ ಪ್ರತಿ ಶುಕ್ರವಾರ ಮಷಿನುಗಳಿಗೆ ಪೂಜೆ ಮಾಡುತ್ತಾರೆ. ಮೇಲಿನ ಡಬ್ಬಿಗೆ ಕುಂಕುಮ, ಸೇವಂತಿಗೆ. ಕೆಳಗಿನದು ಬೋಳು. ಪೂಜೆ ಯಾರಿಗೆ ಸಲ್ಲುತ್ತದೆ? ದುಡಿಯುವವರಿಗೆ! ಬೋಳು ಡಬ್ಬಿಗೆ ಸಾಫ್ಟ್‌ವೇರ್ ತುಂಬಿ, ರೀಸ್ಟಾರ್ಟ್ ಒತ್ತಿದೆ.

೧೦.೪೪. ಮೊದಲ ಫೋನ್. ಎತ್ತಿದವನು ಪಕ್ಕದ ಸೀಟಿನ ಬಸು, ವಿಜಾಪುರದವನು, ಬಿಟಿಎಂ ಬಡಾವಣೆಯಲ್ಲಿ ನನ್ನ ರೂಮ್‌ಮೇಟ್.

"ಹನುಮಂತನಗರದ ಯಾರೋ ಅಂಕಲ್ಲಪಾ. ಬ್ರೌಸಿಂಗ್ ಸೆಂಟರಿನಾಗ ಕುಂತಾರಂತ. ಹುಡುಗನ ಫೋಟೋ ಹುಬ್ಬಿನ ತನಕ ಬಂದು ನಿಂತದಂತ. ಮೂಗು ಯಾವಾಗ ಬರ್ತದ ಅಂತ ಕೇಳಾಕತ್ತಾರ."

"ಎರಡು ನಿಮಿಷ ಅನ್ನು ಮಗಾ!"

ಓಡಿ ಹೋಗಿ ನೋಡಿದೆ. ನಾನು ಮಲಗಿಸಿದ್ದು ದುಡಿಯುವ ಚಿಕ್ಕಪ್ಪನನ್ನೇ! ಸೇವಂತಿಗೆಯ ಚಿಕ್ಕಪ್ಪ ತಕ್ಷಣ ಎದ್ದು ಕೆಲಸಕ್ಕೆ ನಿಂತಿದ್ದರು, ನಿಜ. ಆದರೆ ಅವರಿಗೆ ಒಂದು ವರ್ಷದಿಂದ ಯಾರೂ ಹೊಸ ಸುದ್ದಿ ಹೇಳಿರಲಿಲ್ಲ. ಬಂದವರನ್ನೆಲ್ಲ ನಾವು ಯಾವಾಗಲೋ ಕಿತ್ತುಹಾಕಿದ ಹಳೇ ಸರ್ವರಿಗೆ ಕಳಿಸುತ್ತಿದ್ದರು. ಆ ಸರ್ವರ್ ಮೇಲೆ ಈಗ ನೀರಿನ ಕ್ಯಾನ್ ಕೂತಿದೆ. ಗಂಡು ಹುಡುಕುವ ಸಮಸ್ತ ದಕ್ಷಿಣ ಬೆಂಗಳೂರು ನೀರಿನ ಕ್ಯಾನಿನ ಮುಂದೆ ಸಾಲುಗಟ್ಟಿತ್ತು!

ಗಾಬರಿಯಲ್ಲಿ ಸೇವಂತಿಗೆಯ ಡಬ್ಬಿಯನ್ನೂ ರೀಸ್ಟಾರ್ಟ್ ಮಾಡಿದೆ. ಈಗ ಇಬ್ಬರೂ ಮಲಗಿದರು.

ನಾಗರಾಜ್ ಬಂದರು. ಕಮಲಕ್ಕನೂ ಬಂದರು.

"ಕಮಲಕ್ಕ, ಕೆಲಸ ಮಾಡೋದು ಕೆಳಗಿಂದು! ಹೂವು ಮೇಲಿನದಕ್ಕೆ ಯಾಕಿಟ್ರಿ?" ಎಂದು ಅಳುವ ದನಿಯಲ್ಲಿ ಕೇಳಿದೆ.

"ಚೆನ್ನಾಗಿ ಕೆಲಸ ಮಾಡೋದಕ್ಕೆ ಪೂಜೆ ಯಾಕಪ್ಪಾ? ಮೇಲಿಂದು ತಂದಾಗಿಂದ ಸುಮ್ನೆ ಕೂತಿದೆ. ದೇವರು ಅದಕ್ಕೂ ಒಳ್ಳೆ ಬುದ್ಧಿ ಕೊಡ್ಲಿ ಅಂತ ಇಟ್ಟೆ."

ನಾಗರಾಜ್ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಏನೂ ಮುಟ್ಟಬೇಡಿ."

ಕೈಕಟ್ಟಿ ಕೂತೆ. ೧೧.೦೬ಕ್ಕೆ ಕೆಳಗಿನ ಡಬ್ಬಿ ಹೊಸ ಸಾಫ್ಟ್‌ವೇರ್ ಸಮೇತ ತಾನಾಗಿಯೇ ಎದ್ದು ಕೆಲಸ ಶುರುಮಾಡಿತು. ಇಡೀ ದಿನದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಈ ಕೂತದ್ದೇ!

ಬಸು ಫೋನ್ ಇಟ್ಟು ಹೇಳಿದ: "ಮೂಗು ಬಂತಂತ. ಅಂಕಲ್ಲಿಗೆ ಒಪ್ಪಿಗಿ ಆಗಿಲ್ಲಂತ."

ಡೈರಿಯ ಲೆಕ್ಕ: ಸೈಟ್ ನಿಂತದ್ದು ೨೨ ನಿಮಿಷ. ಫೋನ್ ಕರೆ ೪೩. ಮೂವತ್ತೊಂದರಲ್ಲಿ ಸರಿಯಾಗಿ ಪೂರೈಸಿದ ಹಂತ ಒಂದು. ನೀರು ಕುಡಿದದ್ದು.

ಸೋಮವಾರ ಪತ್ರ ಬಂತು. ಸೈನ್ ಇತ್ತು. ಆದರೆ ಕಾಯಂ ಅಲ್ಲ, ಇನ್ನೂ ಆರು ತಿಂಗಳ ಪ್ರೊಬೇಷನ್!

ಯಾವ ಡಬ್ಬಿ ಕೆಲಸದಲ್ಲಿದೆ ಎಂದು ಹೂವು ನೋಡದೆ ಪತ್ತೆ ಮಾಡುವ ಸುಲಭ ವಿಧಾನ ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ. ಸ್ವಲ್ಪ ಬೇಗ. ಈ ಶುಕ್ರವಾರದ ಪೂಜೆಯಲ್ಲಿ ಬಸುವಿನ ಕಂಪ್ಯೂಟರ್ ಬೋಳಾಗಿಯೇ ಉಳಿಯಿತು. ನನ್ನದರ ಮೇಲೆ ಕಮಲಕ್ಕ ಎರಡು ಸೇವಂತಿಗೆ ಇಟ್ಟು ಹೋಗಿದ್ದಾರೆ.