ಕೋಟಿನ ಲೈನಿಂಗಿನಲ್ಲಿ ಬಂದ ಆರನೇ ಸ್ಥಾನ

ರಾಷ್ಟ್ರೀಯ ಕ್ರೀಡಾಕೂಟ ಸಮಿತಿಯ ಸನ್ಮಾನ್ಯ ಅಧ್ಯಕ್ಷರ ಸನ್ನಿಧಿಗೆ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೋಟು ಹೊಲಿಯುವವಳು ನಾಲ್ಕು ಜನರಿಗೂ ಕೇಳಲಿ ಎಂದು ಗಟ್ಟಿಯಾಗಿ ಮಾಡುವ ಸವಿನಯ ಅರಿಕೆ.

ಮಾನ್ಯರೇ,

ತಾವು ಕ್ಷೇಮವಾಗಿರುವುದು ತಮ್ಮ ಸೊಂಟದ ಅಳತೆಯಿಂದಲೇ ನನಗೆ ಗೊತ್ತಿರುವುದರಿಂದ, ಕುಶಲಪ್ರಶ್ನೆ ಬಿಟ್ಟು ನೇರವಾಗಿ ಅಭಿನಂದನೆಗೆ ಬರುತ್ತೇನೆ. ನಮ್ಮ ದೇಶ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಭಾಗವಹಿಸಿದ ನಲವತ್ತು ವರ್ಷಗಳ ಇತಿಹಾಸವನ್ನು ತಾವು ಕಳೆದ ವರ್ಷ ಸಂಪುಟವಾಗಿ ಬಿಡುಗಡೆ ಮಾಡಿದಿರಿ. ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ. ಹನ್ನೊಂದು ಕೂಟಗಳಲ್ಲಿ ಒಂದು ಕಂಚನ್ನೂ ಗೆಲ್ಲದೆ ಇಷ್ಟು ದಪ್ಪದ ಪುಸ್ತಕ ಬರೆಯುವುದು ಸಾಮಾನ್ಯರ ಕೆಲಸವಲ್ಲ. ಗೆದ್ದ ದೇಶಗಳಿಗೆ ಪಟ್ಟಿಯಿದ್ದರೆ ಸಾಕು, ಸೋತವರಿಗೆ ಮಾತ್ರ ಸಾಹಿತ್ಯ ಬೇಕಾಗುತ್ತದೆ.

ಇದೇ ಇತಿಹಾಸ ನನ್ನ ಬಳಿಯೂ ಇದೆ, ಆದರೆ ಇಂಚುಗಳಲ್ಲಿ. ಪಥಸಂಚಲನಕ್ಕೆ ಬೇಕಾದ ಕೋಟುಗಳನ್ನು ಮೊದಲ ಕೂಟದಿಂದಲೂ ನಮ್ಮ ಅಂಗಡಿಯೇ ಹೊಲಿದಿದೆ. ನಮ್ಮಪ್ಪ ಆಗ ಐದು ಕೋಟು ಹೊಲಿದರು, ನಾಲ್ಕು ಆಟಗಾರರಿಗೆ, ಒಂದು ವ್ಯವಸ್ಥಾಪಕರಿಗೆ. ಆ ವ್ಯವಸ್ಥಾಪಕರು ನಾಲ್ವರ ಪೆಟ್ಟಿಗೆಗಳನ್ನೂ ತಾವೇ ಹೊತ್ತು, ಕೋಟಿನ ಹೆಗಲು ಸವೆಸಿಕೊಂಡು ಬಂದಿದ್ದರಂತೆ. ನಾಲ್ಕನೇ ಕೂಟದ ಹೊತ್ತಿಗೆ ಆಟಗಾರರೂ ಅಧಿಕಾರಿಗಳೂ ಸಮಸಮವಾದರು. ಆರನೇ ಕೂಟದಲ್ಲಿ ಅಧಿಕಾರಿಗಳು ನಮ್ಮ ಏಕೈಕ ಕುಸ್ತಿಪಟುವಿಗೆ ಎಷ್ಟು ಪ್ರೀತಿಯಿಂದ ಬೀಳ್ಕೊಡುಗೆಯ ಊಟ ಹಾಕಿದರೆಂದರೆ, ಅಲ್ಲಿ ತಕ್ಕಡಿಯ ಮೇಲೆ ನಿಂತಾಗ ಅವನು ತೂಕ ಮೀರಿ, ಕಣಕ್ಕಿಳಿಯದೆ ಹಿಂದಿರುಗಿದ. ಕಳೆದ ಕೂಟಕ್ಕೆ ನಾನು ಹದಿಮೂರು ಕೋಟು ಹೊಲಿದೆ. ಹನ್ನೆರಡು ಅಧಿಕಾರಿಗಳಿಗೆ, ಒಂದು ಆಟಗಾರ್ತಿಗೆ.

ಆ ಆಟಗಾರ್ತಿ ನನ್ನ ತಂಗಿ.

ತಮಗೆ ನೆನಪಿರಲಾರದು, ಹೇಳುತ್ತೇನೆ. ಅವಳು ವಿದ್ಯುತ್ ಕಚೇರಿಯಲ್ಲಿ ಮೀಟರ್ ರೀಡರ್. ಬೆಳಗಾದರೆ ಬೀದಿ ಬೀದಿ, ಮಹಡಿ ಮಹಡಿ ನಡೆದು ಮೀಟರ್ ಓದಿ ಬರೆದುಕೊಳ್ಳುವುದು ಅವಳ ಕೆಲಸ. ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದ, ಓಣಿಯವರೆಲ್ಲ ಅಂಚೆಯಣ್ಣ ಎನ್ನುವ ಹಿರಿಯರೊಬ್ಬರು ಇವಳ ನಡಿಗೆ ನೋಡಿ, "ಏನಮ್ಮಾ, ಮೀಟರ್‌ಗಿಂತ ನೀನೇ ಜೋರಾಗಿ ಓಡ್ತೀಯಲ್ಲ" ಎಂದು ನಿಲ್ಲಿಸಿ ಮಾತಾಡಿಸಿದರು. ವೇಗದ ನಡಿಗೆ ಎಂಬ ಸ್ಪರ್ಧೆ ಇರುವುದನ್ನು ಹೇಳಿದವರೂ ಅವರೇ. ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮೊಣಕಾಲು ಮಡಚಬಾರದು, ತಪ್ಪಿದವರಿಗೆ ತೀರ್ಪುಗಾರರು ಕೆಂಪು ಚೀಟಿ ಬರೆಯುತ್ತಾರೆ, ಮೂರು ಚೀಟಿಯಾದರೆ ಹೊರಗೆ. ಆರು ವರ್ಷ ಅವರು ಸೈಕಲ್ ಮೇಲೆ ಅವಳ ಪಕ್ಕದಲ್ಲೇ ಸಾಗುತ್ತ, ಅವಳ ಮುಖ ನೋಡದೆ ಮೊಣಕಾಲನ್ನೇ ನೋಡಿದರು. ಇಪ್ಪತ್ತು ಕಿಲೋಮೀಟರ್ ನಡಿಗೆಗೆ ಅವಳು ಅರ್ಹತೆ ಪಡೆದಾಗ ತರಬೇತುದಾರರೆಂದು ಹೊರಡಬೇಕಾಗಿದ್ದವರು ಅವರೇ. ಆದರೆ ಆ ಜಾಗಕ್ಕೆ ತಾವು ತಮ್ಮ ಭಾವಮೈದುನರನ್ನು ನೇಮಿಸಿದಿರಿ. ನಡಿಗೆಯ ಬಗ್ಗೆ ಅವರ ಅನುಭವ ಕಾರಿನ ಬಾಗಿಲಿನಿಂದ ಲಿಫ್ಟಿನ ಬಾಗಿಲವರೆಗಿನದ್ದು. ತಜ್ಞರಿಗೆ ಪೂರ್ವಗ್ರಹವಿರುತ್ತದೆ, ಇವರಿಗೆ ಅದು ಲವಲೇಶವೂ ಇರಲಿಲ್ಲ. ತಮ್ಮ ದೂರದೃಷ್ಟಿಗೆ ತಲೆಬಾಗುತ್ತೇನೆ.

ಭಾವಮೈದುನರ ಕೋಟಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕೋಟುಗಳು ಹೊರಗೆ ಕಪ್ಪು, ಒಳಗಿನ ಲೈನಿಂಗ್ ದೇಶದ ಹಸಿರು. ದೇಶ ಎದೆಗೆ ತಾಗಿಕೊಂಡಿರಲಿ ಎಂದು ನಮ್ಮಪ್ಪ ಮಾಡಿದ ಪದ್ಧತಿ. ಈ ಸಲ ಸಮಿತಿ ಕೊಟ್ಟ ಹಸಿರು ಬಟ್ಟೆಯಲ್ಲಿ ಭಾವಮೈದುನರ ಕೋಟೊಂದೇ ಇಬ್ಬರ ಪಾಲನ್ನು ನುಂಗಿತು. ಕೊನೆಗೆ ಉಳಿದ ತುಂಡಿನಲ್ಲಿ ತಂಗಿಯ ಕೋಟಿಗೆ ಹೆಗಲಿನ ಮಟ್ಟಕ್ಕೆ ಮಾತ್ರ ಲೈನಿಂಗ್ ಹಾಕಿದೆ. ಮನೆಯವಳಲ್ಲವೇ, ಸುಧಾರಿಸಿಕೊಳ್ಳುತ್ತಾಳೆ ಎಂದುಕೊಂಡೆ.

ಅಲ್ಲಿ ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ತಂಗಿ ಭಾವಮೈದುನರ ಕೋಣೆಗೆ ಹೋಗಿ, ಮರುದಿನ ತೊಡಬೇಕಾದ, ದೇಶದ ಬಣ್ಣದ ಬನಿಯನ್ ಕೇಳಿದಳು. "ಉಡುಪು" ಎಂದು ಬರೆದಿದ್ದ ದೊಡ್ಡ ಟ್ರಂಕನ್ನು ಅವರು ತೆರೆದರು. ಅದರ ತುಂಬ ವಿದೇಶಿ ಗಣ್ಯರಿಗೆ ಹಂಚುವ ಸ್ಮರಣಿಕೆಗಳು ಮತ್ತು ಅಧಿಕಾರಿಗಳ ಟೈಗಳು.

"ಬನಿಯನ್ನಾ? ಅದು ಪಟ್ಟಿಯಲ್ಲೇ ಇಲ್ವಲ್ಲಮ್ಮ" ಎಂದರಂತೆ. "ಕೋಟು ಕೊಟ್ಟಿದ್ದೀವಲ್ಲ, ಅದನ್ನೇ ಹಾಕ್ಕೊಂಡು ನಡಿ. ನಡಿಯೋಕೆ ಏನಂತೆ?"

"ದೇಶದ ಬಣ್ಣ ಇಲ್ದಿದ್ರೆ ಗೆರೆ ಹತ್ರಾನೂ ಬಿಡಲ್ಲ ಸಾರ್."

"ಹಾಗಾದ್ರೆ ಮುಂದಿನ ಸಲ ನೋಡೋಣ ಬಿಡು" ಎಂದು ಹೇಳಿ, ಸಂಜೆಯೊಳಗೆ ಅಂಗಡಿಗಳು ಮುಚ್ಚುತ್ತವೆಂದು ಖರೀದಿಗೆ ಹೊರಟರು.

ನನ್ನ ತಂಗಿ ನಮ್ಮಪ್ಪನ ಮಗಳು. ಸೂಜಿ ದಾರವಿಲ್ಲದೆ ಊರು ಬಿಟ್ಟವಳಲ್ಲ. ಮೊದಲು ತನ್ನ ಕೋಟಿನ ಲೈನಿಂಗ್ ಬಿಚ್ಚಿದಳು. ಅದು ಒಂದು ಹೆಗಲಿಗೂ ಸಾಲಲಿಲ್ಲ. ಆಗ ನನ್ನನ್ನು ಶಪಿಸಿದಳಂತೆ, ಶಪಿಸಲಿ, ನ್ಯಾಯವಾದದ್ದೇ. ಖರೀದಿಯ ಅವಸರದಲ್ಲಿ ಬೀಗ ಹಾಕದೆ ಬಿಟ್ಟುಹೋಗಿದ್ದ ಕೋಣೆಯಲ್ಲಿ ಭಾವಮೈದುನರ ಕೋಟು ಕುರ್ಚಿಯ ಬೆನ್ನಿಗೆ ತೂಗಾಡುತ್ತಿತ್ತು. ಒಳಜೇಬಿನಲ್ಲಿದ್ದ ಬಾಚಣಿಗೆ, ಕನ್ನಡಕ, ಗುರುತಿನ ಚೀಟಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು, "ಸಾರ್, ಲೈನಿಂಗ್ ತಗೊಂಡಿದೀನಿ, ಊರಿಗೆ ಹೋದ ಮೇಲೆ ಅಕ್ಕ ಹೊಸದು ಹಾಕಿಕೊಡ್ತಾಳೆ" ಎಂದು ಚೀಟಿ ಬರೆದಿಟ್ಟು, ಹೊಲಿಗೆ ಬಿಚ್ಚಿದಳು. ಅವಳ ಕೋಣೆಯಲ್ಲಿದ್ದ ಬೇರೆ ದೇಶದ ನಡಿಗೆಯವಳೊಬ್ಬಳು, ಇವಳ ಒಂದು ಮಾತೂ ಅರ್ಥವಾಗದಿದ್ದರೂ, ಮೂರು ಗಂಟೆ ಬಟ್ಟೆಯ ಅಂಚು ಹಿಡಿದು ಕೂತಳಂತೆ. ಬನಿಯನ್ ಸಿದ್ಧವಾದ ಮೇಲೆ ತಂಗಿ ದೇಶದ ಹೆಸರನ್ನು ಬಿಳಿ ದಾರದಲ್ಲಿ ಕೈಯಲ್ಲೇ ಬರೆದಳು. ಜಾಗದ ಅಂದಾಜು ತಪ್ಪಿ ಕೊನೆಯ ಅಕ್ಷರ ಕಂಕುಳಿಗೆ ಹೋಯಿತು.

ಮರುದಿನ ನನ್ನ ಅಂಗಡಿಯ ಟಿ.ವಿ. ಮುಂದೆ ಅಂಚೆಯಣ್ಣ ಕೂತಿದ್ದರು. ಮೂವತ್ತೆಂಟು ಜನ ಹೊರಟರು. ಆರನೇ ಕಿಲೋಮೀಟರಿನಲ್ಲಿ ಹಸಿರು ಹೊಳಪು ಕಂಡಿತು. ನಾನೇ ಕತ್ತರಿಸಿದ ಬಟ್ಟೆ, ಗುರುತು ಸಿಗದೆ ಇರುತ್ತದೆಯೇ? "ಅದು ಲೈನಿಂಗ್ ಅಣ್ಣಾ!" ಎಂದೆ. "ಏನಾದ್ರೂ ಆಗಿರಲಿ, ಮೊಣಕಾಲು ನೋಡು, ಮೊಣಕಾಲು" ಎಂದು ಅವರು ಗದರಿದರು. ಬೆವರು ಹೀರದ ಬಟ್ಟೆ ಅದು. ಅವಳ ಕಂಕುಳೆರಡೂ ಕಿತ್ತು ರಕ್ತ ಬಂದಿತ್ತೆಂದು ಆಮೇಲೆ ತಿಳಿಯಿತು. ಎರಡು ಕೆಂಪು ಚೀಟಿ ಬಿದ್ದವು. ಇನ್ನೊಂದು ಬಿದ್ದರೆ ಮುಗಿಯಿತು ಎನ್ನುವಾಗ ಅಂಚೆಯಣ್ಣ ಎದ್ದು ನಿಂತು, ಅವಳಿಗೆ ಕೇಳಿಸುತ್ತದೆಂಬಂತೆ "ಆತುರ ಬೇಡ ತಾಯಿ, ನೆಲ ಬಿಡಬೇಡ" ಎಂದು ಟಿ.ವಿ.ಗೆ ಕೈಮುಗಿದರು. ಅವಳು ನೆಲ ಬಿಡಲಿಲ್ಲ. ಆರನೆಯವಳಾಗಿ ಗೆರೆ ದಾಟಿದಳು. ಅಲ್ಲಿಯವರೆಗೆ ನಮ್ಮ ದೇಶ ಯಾವ ಆಟದಲ್ಲೂ ಹತ್ತೊಂಬತ್ತನೆಯ ಸ್ಥಾನಕ್ಕಿಂತ ಮೇಲೆ ಬಂದಿರಲಿಲ್ಲ. ಅಂಚೆಯಣ್ಣ ಹೊರಗೆ ಹೋಗಿ ಸೈಕಲ್ಲನ್ನು ಸುಮ್ಮನೆ ಒರೆಸುತ್ತಾ ನಿಂತರು.

ಮುಕ್ತಾಯದ ಪಥಸಂಚಲನಕ್ಕೆ ಹೊರಡುವಾಗ ಭಾವಮೈದುನರು ಮೇಜಿನ ಮೇಲಿದ್ದ ಸಾಮಾನನ್ನು ಬಾಚಿ, ಚೀಟಿಯನ್ನು ಓದದೆ, ಲೈನಿಂಗಿನ ಜೊತೆಗೇ ಹೋಗಿದ್ದ ಒಳಜೇಬಿಗೆ ಇಳಿಬಿಟ್ಟರು. ಗಣ್ಯರ ವೇದಿಕೆಯೆದುರು ಅವೆಲ್ಲ ಒಂದೊಂದಾಗಿ ಉದುರಿದವು. ಬಗ್ಗಿ ಹೆಕ್ಕುವಾಗ ಕೋಟು ತೆರೆದುಕೊಂಡು, ಕ್ಯಾನ್ವಾಸು, ಹೆಗಲಿನ ಹತ್ತಿ ಎಲ್ಲ ಜಗತ್ತಿಗೆ ಕಂಡವು. ಇದೇ ದೇಶದ್ರೋಹವೆಂದು ತಮ್ಮ ಸಮಿತಿಯಿಂದ ತಂಗಿಗೆ ನೋಟಿಸು ಬಂತು.

ವಿಚಾರಣೆಗೆ ನಾನೂ ಬಂದಿದ್ದೆ. ಅಂಚೆಯಣ್ಣನಿಗೆ ಒಳಗೆ ಕುರ್ಚಿಯಿರಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು.

"ಅಧಿಕಾರಿಗಳ ಕೋಟು ಹರಿದದ್ದು ನೀನೇನಾ?" ಎಂದು ತಾವು ಕೇಳಿದಿರಿ.

"ಹರಿದಿಲ್ಲ ಸಾರ್, ಹೊಲಿಗೆ ಬಿಚ್ಚಿದ್ದು. ಹರಿಯೋದೇ ಬೇರೆ, ಬಿಚ್ಚೋದೇ ಬೇರೆ."

"ದೇಶದ ಮಾನ ಹೋಯ್ತಲ್ಲಮ್ಮ!"

"ನನ್ನ ಹತ್ರ ಬನಿಯನ್ನೇ ಇರಲಿಲ್ಲ ಸಾರ್. ಹಾಗೇ ನಡೆದಿದ್ರೆ ಮಾನ ಉಳೀತಿತ್ತಾ?"

ಒಂದು ಕ್ಷಮಾಪಣೆ ಬರೆದುಕೊಟ್ಟರೆ ಮುಗಿಯಿತು ಎಂದು ತಾವು ಉದಾರವಾಗಿ ಕಾಗದ ಮುಂದೆ ತಳ್ಳಿದಿರಿ. "ಏನಂತ ಬರೀಲಿ? ಆರನೆಯವಳಾಗಿ ಬಂದಿದ್ದು ತಪ್ಪಾಯ್ತು ಅಂತಾನಾ?" ಎಂದಳು. ತಾವು ನಾಲ್ಕು ವರ್ಷ ನಿಷೇಧ ವಿಧಿಸಿದಿರಿ. ಮುಂದಿನ ಕೂಟ ಮುಗಿದ ಮರುದಿನಕ್ಕೆ ಸರಿಯಾಗಿ ಶಿಕ್ಷೆಯೂ ಮುಗಿಯುವಂತೆ ಅಳೆದು ಕತ್ತರಿಸಿದ ತಮ್ಮ ಕೈಚಳಕವನ್ನು, ಕತ್ತರಿ ಹಿಡಿದು ಬದುಕುವ ನಾನು ಮೆಚ್ಚಲೇಬೇಕು. ಆ ದಿನ ಮನೆಗೆ ಬಂದ ತಂಗಿ, ಚಿಕ್ಕವಳಿದ್ದಾಗ ಅಪ್ಪನ ಬೈಗುಳ ತಪ್ಪಿಸಿಕೊಳ್ಳಲು ಅಡಗುತ್ತಿದ್ದ ಕಟಿಂಗ್ ಮೇಜಿನ ಕೆಳಗೆ ಹೋಗಿ, ಶೂ ಕೂಡ ಬಿಚ್ಚದೆ, ಸಂಜೆಯವರೆಗೂ ಕೂತಿದ್ದಳು. ಮೂವತ್ತೊಂದು ವರ್ಷದ ಹೆಂಗಸು. ಅವಳ ಕಾಲಿಗೆ ಕಾಲು ತಾಗದಂತೆ ಮಡಚಿಕೊಂಡು ನಾನು ಮೇಲೆ ಹೊಲಿಯುತ್ತಲೇ ಇದ್ದೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ಈಗ ಸಂಪುಟಕ್ಕೆ ಬರೋಣ. ಅದರಲ್ಲಿ ಕಳೆದ ಕೂಟದ ಅಧ್ಯಾಯಕ್ಕೆ "ತ್ಯಾಗ" ಎಂಬ ಶೀರ್ಷಿಕೆಯಿದೆ. ಭಾವಮೈದುನರು ಸಂಕಟದ ಗಳಿಗೆಯಲ್ಲಿ ತಮ್ಮ ಮೈಮೇಲಿನ ಕೋಟನ್ನೇ ದೇಶಕ್ಕೆ ಅರ್ಪಿಸಿ ಆರನೇ ಸ್ಥಾನ ದೊರಕಿಸಿಕೊಟ್ಟರು ಎಂದಿದೆ. ಪುಟದ ತುಂಬ ಅವರ ಚಿತ್ರ. ಅಂಚಿನಲ್ಲಿ ಯಾರದೋ ಮೊಣಕೈ. ಆ ಮೊಣಕೈಯನ್ನು ನಾನು ಎಣ್ಣೆ ಹಚ್ಚಿ ಬೆಳೆಸಿದ್ದೇನೆ. ಮಾನ್ಯರೇ, ಅವರು ಕೊಟ್ಟದ್ದಾದರೆ ಇವಳು ಕದ್ದದ್ದಲ್ಲ, ಇವಳು ಕದ್ದದ್ದಾದರೆ ಅವರು ಕೊಟ್ಟದ್ದಲ್ಲ. ಎರಡರಲ್ಲಿ ಯಾವುದನ್ನು ಬೇಕಾದರೂ ಇಟ್ಟುಕೊಳ್ಳಿ, ಒಂದನ್ನು ನಮಗೆ ಬಿಟ್ಟುಕೊಡಿ ಎಂದು ಮೂರು ಅರ್ಜಿ ಬರೆದೆ. ಉತ್ತರವಾಗಿ ಹೊಸ ಕೂಟಕ್ಕೆ ಕೋಟು ಹೊಲಿಯುವ ಆದೇಶ ಬಂತು.

ಇಷ್ಟರಲ್ಲಿ ಆಯ್ಕೆ ಸ್ಪರ್ಧೆ ಬಂತು. ಊರಾಚೆಯ ವರ್ತುಲ ರಸ್ತೆಯಲ್ಲಿ ಹಗ್ಗ ಕಟ್ಟಿ ನಡಿಗೆ ಏರ್ಪಡಿಸಿದಿರಿ. ತಂಗಿಗೆ ಹಗ್ಗದೊಳಗೆ ಪ್ರವೇಶವಿರಲಿಲ್ಲ. ಆದರೆ ನಾಗರಿಕರು ಕಾಲುದಾರಿಯಲ್ಲಿ ನಡೆಯಬಾರದೆಂದು ತಮ್ಮ ನಿಯಮಾವಳಿಯಲ್ಲಿ ಇನ್ನೂ ಬರೆದಿಲ್ಲವಾದ್ದರಿಂದ, ಅವಳು ಹಗ್ಗದ ಹೊರಗೆ ನಡೆದಳು. ಅಂಚೆಯಣ್ಣ ಸೈಕಲ್ ಮೇಲೆ ಪಕ್ಕದಲ್ಲೇ. ಇಪ್ಪತ್ತು ಕಿಲೋಮೀಟರ್ ಮುಗಿದಾಗ ಹಗ್ಗದೊಳಗೆ ಗೆದ್ದವಳಿಗಿಂತ ಎರಡು ನಿಮಿಷ ಮುಂಚೆ ಬಂದಿದ್ದಳು. ಗೆದ್ದವಳು ಆಸ್ಪತ್ರೆಯ ದಾದಿ. ಏದುಸಿರು ಬಿಡುತ್ತಲೇ ತಮ್ಮ ಮೇಜಿನ ಬಳಿ ಬಂದು, "ಮೊದಲು ಬಂದೋಳು ಅಲ್ಲಿ ನಿಂತಿದ್ದಾಳೆ ಸಾರ್. ಅವಳನ್ನ ಬಿಟ್ಟು ನಾನು ಹೋಗಲ್ಲ" ಎಂದಳು. ತಾವು ಯೋಚಿಸಲು ಎರಡು ದಿನ ತೆಗೆದುಕೊಂಡು, ಅಶಿಸ್ತನ್ನು ಸಹಿಸಲಾಗದೆಂದು ಇಬ್ಬರನ್ನೂ ಕೈಬಿಟ್ಟಿರಿ. ಹೀಗೆ ಹನ್ನೆರಡನೇ ಕೂಟಕ್ಕೆ ನಮ್ಮ ದೇಶದಿಂದ ಹದಿನಾಲ್ಕು ಅಧಿಕಾರಿಗಳು ಹೊರಡುತ್ತಿದ್ದಾರೆ, ಆಟಗಾರರು ಯಾರೂ ಇಲ್ಲ. ನಲವತ್ತು ವರ್ಷಗಳ ತಪಸ್ಸು ಫಲಿಸಿತು. ಇನ್ನು ಸೋಲುವವರೇ ಇಲ್ಲ.

ಈ ಅಪೂರ್ವ ತಂಡಕ್ಕಾಗಿ ಹೊಸ ಸ್ಪರ್ಧೆಗಳನ್ನು ಸೇರಿಸುವಂತೆ ತಾವು ಜಾಗತಿಕ ಮಟ್ಟದಲ್ಲಿ ಒತ್ತಾಯಿಸಬೇಕೆಂದು ಕೋರುತ್ತೇನೆ. ಮುಂದಿನ ಸಾಲಿನ ಕುರ್ಚಿ ಹಿಡಿಯುವುದಿರಲಿ. ಅಂಗಡಿ ಮುಚ್ಚುವ ಮೊದಲು ತಲುಪುವ ಓಟವಿರಲಿ. ಇತರರ ಬೆವರನ್ನು ಒಂದೇ ಪ್ಯಾರಾದಲ್ಲಿ ಒರೆಸಿಕೊಳ್ಳುವುದು ತಂಡ ವಿಭಾಗದಲ್ಲಿರಲಿ. ಚಿನ್ನಕ್ಕೆ ನಾನು ಜಾಮೀನು.

ಆದರೆ ಕೋಟುಗಳನ್ನು ಬೇರೆ ಕಡೆ ಹೊಲಿಸಿಕೊಳ್ಳಬೇಕು. ತಾವು ಕಳಿಸಿದ ಬಟ್ಟೆಯನ್ನು ಇಂದು ಬೆಳಿಗ್ಗೆ, ಒಂದು ಇಂಚೂ ಕಡಿಮೆಯಿಲ್ಲದಂತೆ ಮಡಿಸಿ, ತಮ್ಮ ಕಚೇರಿಗೆ ಹಿಂದಿರುಗಿಸಿದ್ದೇನೆ. ನನಗೆ ಈಗ ಪುರುಸೊತ್ತಿಲ್ಲ. ತಂಗಿ ಮತ್ತು ಆ ದಾದಿ ಭಾನುವಾರ ಬೆಳಿಗ್ಗೆ ವರ್ತುಲ ರಸ್ತೆಯಲ್ಲಿ ನಡೆಯುತ್ತಾರೆ. ಮೊದಲು ಅವರಿಬ್ಬರೇ ಇದ್ದರು. ಆಮೇಲೆ ಬೇಕರಿಯವಳು, ಇಬ್ಬರು ಟೀಚರುಗಳು, ಬಸ್ ಕಂಡಕ್ಟರಮ್ಮ ಸೇರಿಕೊಂಡರು. ಹೋದ ವಾರ ಇಪ್ಪತ್ತಾರು ಜನ. ಅಂಚೆಯಣ್ಣನಿಗೆ ಅಷ್ಟೂ ಮೊಣಕಾಲು ನೋಡಲು ಎರಡು ಕಣ್ಣು ಸಾಲುತ್ತಿಲ್ಲ. ಅವರೆಲ್ಲರಿಗೂ ಬೆವರು ಹೀರುವ ಒಳ್ಳೆಯ ಹತ್ತಿಯಲ್ಲಿ ಬನಿಯನ್ ಹೊಲಿಯಬೇಕಾಗಿದೆ.

ಹನ್ನೊಂದು ಕೂಟಗಳ ಕಾಲ ತಮ್ಮ ವಿಶ್ವಾಸಿಯಾಗಿದ್ದ ಅಂಗಡಿಯ,
ಕೋಟು ಹೊಲಿಯುವವಳು

ಮರೆತ ಮಾತು: ತಮ್ಮ ಕಚೇರಿಯ ಮೀಟರ್ ಓದಲು ಈ ತಿಂಗಳು ತಂಗಿಯೇ ಬಂದಿದ್ದಳು. ಕೋಣೆಗಳಲ್ಲಿ ಒಬ್ಬರೂ ಇರಲಿಲ್ಲವಂತೆ, ಎಲ್ಲ ಫ್ಯಾನು, ಏಸಿ ಓಡುತ್ತ, ದೀಪ ಉರಿಯುತ್ತ ಇದ್ದವಂತೆ. ಇಷ್ಟು ವೇಗದ ಓಟವನ್ನು ಈ ದೇಶದಲ್ಲಿ ಇನ್ನೆಲ್ಲೂ ನೋಡಿಲ್ಲ ಎನ್ನುತ್ತಾಳೆ. ಇನ್ನೂ ಕಾಲ ಮಿಂಚಿಲ್ಲ, ದಯವಿಟ್ಟು ಆ ಮೀಟರನ್ನೇ ಕೂಟಕ್ಕೆ ಕಳಿಸಿಕೊಡಿ.